ಒಂದನೇ ಟ್ರ್ಯಾಕಿನಲ್ಲಿ ಅತ್ತೆ

ಭಾನುವಾರ ಬಂತೆಂದರೆ ಬಸವಪ್ರಭು ಒಳಕೋಣೆಯ ಕಿಟಕಿಗೆ ಗಾದಿ ನಿಲ್ಲಿಸುತ್ತಿದ್ದ. ಫ್ಯಾನು ಬಂದ್. ಬಾಗಿಲ ಸಂದಿಗೆ ಹಳೆಯ ಸೀರೆ. ತೊಂಬತ್ತಾರನೇ ಇಸವಿಯ ಏಪ್ರಿಲ್. ಬಿಬವೇವಾಡಿ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಸೆಕೆಯೆಲ್ಲ ಒಳಗೇ ಕುದಿಯುತ್ತಿತ್ತು. ಇಷ್ಟು ಮಾಡಿದರೂ ಕೆಳಗಿನ ಮನೆಯ ಕುಕ್ಕರಿನ ಸೀಟಿ ಹೇಗೋ ನುಸುಳಿ ಬರುತ್ತಿತ್ತು.

ನಡುವೆ ಟೀಪಾಯಿಯ ಮೇಲೆ ಆ ಯಂತ್ರ. ಕ್ಯಾಂಪ್ ಪೇಟೆಯ ಮದುವೆ ಬ್ಯಾಂಡಿನವನೊಬ್ಬ ಮಾರಿದ್ದು. ಎಲ್ಲರ ಮನೆಯಲ್ಲಿರುವಂಥ ಕ್ಯಾಸೆಟ್ಟನ್ನೇ ಹಾಕಬೇಕು. ಆದರೆ ಅದು ನಾಲ್ಕು ದನಿಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಹಿಡಿದಿಡುತ್ತಿತ್ತು. ಒಂದನ್ನು ಕೇಳುತ್ತಲೇ ಇನ್ನೊಂದನ್ನು ತುಂಬಬಹುದಿತ್ತು.

ಒಂದನೇ ಟ್ರ್ಯಾಕಿನಲ್ಲಿ ಬಸವಪ್ರಭುವಿನ ತಾಯಿ ಭೀಮವ್ವ ಇದ್ದಳು. ಯಂತ್ರ ತಂದ ದಿನ, ನಡೆಯುತ್ತದೋ ಇಲ್ಲವೋ ನೋಡೋಣವೆಂದು ಮಗ ಅವಳಿಂದ ಒಂದು ಬೀಸುವ ಪದ ಹಾಡಿಸಿದ್ದ. ಎರಡು ತಿಂಗಳಿಗೆ ಅವಳು ತೀರಿಕೊಂಡಳು. ಅವಳ ದನಿ ಅಂತ ಉಳಿದದ್ದು ಅದೊಂದೇ. ಎರಡನೆಯದರಲ್ಲಿ ಬಸವಪ್ರಭು ತನ್ನ ಹಾರ್ಮೋನಿಯಂ ತುಂಬಿದ. ಮೂರನೆಯದರಲ್ಲಿ ಅವನ ಹೆಂಡತಿ ರೇಣು ಅತ್ತೆಯ ಜೊತೆ ದನಿಗೂಡಿಸಬೇಕು. ವರ್ಷದ ಪುಣ್ಯತಿಥಿಗೆ ನೆಂಟರಿಗೆಲ್ಲ ಅದರ ಕಾಪಿ ಹಂಚಬೇಕೆಂದು ಅವನ ಆಸೆ.

"ಮತ್ತ ಮುಂದ ಓಡಿದಿ," ಬಸವಪ್ರಭು ಯಂತ್ರ ನಿಲ್ಲಿಸಿದ. "ಅವ್ವ ಇನ್ನೂ ಜ್ವಾಳ ಹಾಕಾಕತ್ತಾಳ, ನೀ ಆಗಲೇ ಹಿಟ್ಟು ತುಂಬಾಕತ್ತಿ."

"ನಮ್ಮ ತವರಾಗ ಇದನ್ನ ಹಿಂಗ ಹಾಡತಾರ್ರಿ."

"ನಿಮ್ಮ ತವರಾಗ ಕರೆಂಟಿನ ಗಿರಣಿ ಇತ್ತೇನು? ಅವ್ವನ ಹಿಂದಿಂದ ಬಾ."

"ಜೀವ ಇದ್ದಾಗೂ ಹಿಂದಿಂದನ ಬಂದೀನ್ರಿ," ಎಂದು ರೇಣು ಹೆಡ್‌ಫೋನ್ ಸರಿಮಾಡಿಕೊಂಡಳು.

ಹೀಗೆ ಏಳು ಭಾನುವಾರ. ಅತ್ತೆ ಎಲ್ಲಿ ಎಳೆಯುತ್ತಾಳೆ, ಎಲ್ಲಿ ಮೂಗಿನಲ್ಲಿ ನುಡಿಯುತ್ತಾಳೆ, ಅಡಿಕೆ ಒತ್ತಿದ ದವಡೆಯಿಂದ ಯಾವ ಅಕ್ಷರ ದಪ್ಪಗೆ ಬೀಳುತ್ತದೆ ಎಲ್ಲವೂ ರೇಣುವಿನ ಮೈಯೊಳಗೆ ಇಳಿದುಬಿಟ್ಟಿತು. ರೊಟ್ಟಿ ಬಡಿಯುವಾಗಲೂ ಕೈ ಅದೇ ಲಯಕ್ಕೆ ಬೀಳುತ್ತಿತ್ತು. ತನ್ನ ಸ್ವಂತ ದನಿ ಹೇಗಿತ್ತೆಂಬುದೇ ಅವಳಿಗೆ ಮರೆಯತೊಡಗಿತು. ಒಂದೇ ಒಂದು ಸಲ ಈ ಪದವನ್ನು ತನ್ನ ನಡಿಗೆಯಲ್ಲಿ ಹಾಡಿ ಕೇಳಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಬೇಡಿರಲಿಲ್ಲ.

ಎಂಟನೆಯ ಭಾನುವಾರ ಹೆಡ್‌ಫೋನಿನ ಒಂದು ಕಿವಿ ಸತ್ತಿತು. "ಬ್ಯಾಂಡಿನವನ ಮನಿಗೆ ಹೋಗಿ ಬ್ಯಾರೆ ತರತೀನಿ. ನೀ ಕುಂತು ಅವ್ವನ್ನ ಕೇಳಕೋತ ರೂಢಿ ಮಾಡು," ಎಂದು ಬಸವಪ್ರಭು ಕ್ಯಾಂಪಿಗೆ ಹೊರಟ.

ರೇಣು ಪದವನ್ನು ಕೊನೆಯವರೆಗೆ ಕೇಳಿದಳು, ನಿಲ್ಲಿಸಿದಳು. ಕ್ಯಾಸೆಟ್ಟನ್ನು ಹೊರಗೆ ತೆಗೆದು ನೋಡಿದಳು. ಹಿಂಬದಿಯ ಚೀಟಿ ಖಾಲಿ. ಆ ಮನೆಯಲ್ಲಿ ಯಾವ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲೂ ಖಾಲಿ ಬಿದ್ದಿರಲಿಲ್ಲ. ಭಜನೆಯ ಹಿಂದೆ ಯಾರದೋ ಮದುವೆಯ ವಾಲಗವಾದರೂ ಇರುತ್ತಿತ್ತು. ದಂಡ ಮಾಡಬಾರದೆಂದು ಅತ್ತೆಯೇ ಹೇಳಿಕೊಟ್ಟಿದ್ದಳು. ರೇಣು ಅದನ್ನು ಮಗುಚಿ ಹಾಕಿದಳು. ಒಂದನೇ ಗುಂಡಿ ಅತ್ತೆಯದು, ಅದರ ಹತ್ತಿರವೂ ಸುಳಿಯಬಾರದೆಂದು ಎಲ್ಲಕ್ಕಿಂತ ದೂರದ ನಾಲ್ಕನೆಯದನ್ನು ಒತ್ತಿದಳು. ತವರಿನ ನಡಿಗೆಯಲ್ಲಿ ಹಾಡಿದಳು. ತಿರುಗಿಸಿ ಕೇಳಿದಳು. ಕೇಳುತ್ತ ಕೇಳುತ್ತ ಒಬ್ಬಳೇ ನಕ್ಕಳು.

ಮೊದಲಿನಂತೆ ಇಡೋಣವೆಂದು ಕ್ಯಾಸೆಟ್ಟನ್ನು ಮತ್ತೆ ಮಗುಚಿ, ಒಂದನೇ ಟ್ರ್ಯಾಕನ್ನು ನುಡಿಸಿ ನೋಡಿದಳು. ಅತ್ತೆ ಇರಲಿಲ್ಲ. ಅಲ್ಲಿದ್ದದ್ದು ತನ್ನದೇ ದನಿ, ತಿರುವುಮುರುವಾಗಿ, ಮಾತನ್ನು ಒಳಕ್ಕೆ ನುಂಗುತ್ತಿದ್ದಂತೆ.

ನಾಲ್ಕು ಪಟ್ಟೆಯ ಟವೆಲ್ಲನ್ನು ಮಗುಚಿ ಹಾಸಿದರೆ ಕಟ್ಟಕಡೆಯ ಪಟ್ಟೆ ಮೊದಲನೆಯದರ ಜಾಗಕ್ಕೆ ಬರುತ್ತದೆ. ಈ ಯಂತ್ರಕ್ಕೆ ಎರಡು ಮಗ್ಗುಲಿಲ್ಲ. ನಾಲ್ಕು ದನಿಗೆ ಟೇಪಿನ ಅಷ್ಟಗಲವೂ ಬೇಕು. ಇದು ರೇಣುವಿಗೆ ಹೊಳೆಯುವಷ್ಟರಲ್ಲಿ ಅತ್ತೆಯ ದನಿ ಅಳಿಸಿಹೋಗಿತ್ತು.

ಬಸವಪ್ರಭು ಆಫೀಸಿನಿಂದ ಬಂದು ಚಹಾಕ್ಕಿಂತ ಮೊದಲು ದಿನವೂ ಆ ದನಿ ಕೇಳುತ್ತಿದ್ದ. ಅವನಿಗೆ ಏನೆಂದು ಹೇಳುವುದು? ಎದ್ದು ಬಾಗಿಲ ತನಕ ಹೋದಳು, ಹಿಂದಿರುಗಿದಳು. ಗಾದಿಯನ್ನು ಕಿಟಕಿಗೆ ಇನ್ನಷ್ಟು ಒತ್ತಿದಳು. ಅತ್ತೆಯ ಚಂಚಿಯಿಂದ ಒಂದು ಅಡಿಕೆ ಹೋಳು ತೆಗೆದು ದವಡೆಗೆ ಇಟ್ಟುಕೊಂಡು, ಒಂದನೇ ಗುಂಡಿ ಒತ್ತಿದಳು. ಎರಡನೆಯದರಲ್ಲಿ ಹಾರ್ಮೋನಿಯಂ ಹಾಗೇ ಇತ್ತು. ಬದುಕಿದ್ದ ಒಂದು ಕಿವಿಯಲ್ಲಿ ಅದನ್ನು ಹಿಡಿದು, ಒಂದೇ ಏಟಿಗೆ, ಎಲ್ಲೂ ಎಡವದೆ ಹಾಡಿ ಮುಗಿಸಿದಳು. ಆಮೇಲೆ ಕೇಳಿದಾಗ ಅವಳಿಗೇ ದಿಗಿಲಾಯಿತು. ಅದರಲ್ಲಿ ತಾನು ಎಲ್ಲಿಯೂ ಸಿಗಲಿಲ್ಲ.

ಬಸವಪ್ರಭು ಬಂದ, ಬೇರೆ ಹೆಡ್‌ಫೋನ್ ಚುಚ್ಚಿ ಕಣ್ಣುಮುಚ್ಚಿ ಕುಳಿತ. ರೇಣು ಗೋಡೆಗೆ ಒರಗಿ ನಿಂತಳು. ಗುರುತು ಹಿಡಿದೇ ಹಿಡಿಯುತ್ತಾನೆ, ಬಯ್ಯಲಿ, ಬಯ್ದು ಮುಗಿಸಲಿ.

"ಅಯ್ಯಯ್ಯ! ಆ ಹಳೇ ಹೆಡ್‌ಫೋನು ಎಷ್ಟು ಮೋಸ ಮಾಡಿತ್ತಲ್ಲ," ಎಂದ ಅವನು. "ಅವ್ವ ಇಲ್ಲೇ ಬಾಜೂಕ ಕುಂತಂಗ ಕೇಳಸ್ತದ."

"ಏನ್ರಿ, ಒಂದ ಮಾತು..."

"ಸುಮ್ನಿರ ಸ್ವಲ್ಪ." ಅವನ ಕೆನ್ನೆ ತೊಯ್ದಿತ್ತು. "ಇಲ್ಲಿ ನೋಡು, ಇಲ್ಲಿ ಉಸಿರು ಹೆಂಗ ಎಳಕೋತಾಳ! ಇದು ನಿನಗ ಜನ್ಮದಾಗ ಬರಂಗಿಲ್ಲ."

ಇಷ್ಟು ದಿನ ಕಾಣದ ನಿರಾಳ ಅವನ ಮುಖದಲ್ಲಿತ್ತು. ಅದನ್ನು ನೋಡಿ ರೇಣು ದವಡೆಯಲ್ಲಿ ಉಳಿದಿದ್ದ ಅಡಿಕೆಯನ್ನು ನುಂಗಿಬಿಟ್ಟಳು.

"ನಿನ್ನ ದನಿ ಬ್ಯಾಡ ಬಿಡು. ಅವ್ವ ಒಬ್ಬಾಕಿ ಸಾಕು," ಎಂದು ಅವನು ಕ್ಯಾಸೆಟ್ಟು ಹೊರಗೆ ತೆಗೆದ. "ಇನ್ನ ಇದರ ಮ್ಯಾಲೆ ಯಾರೂ ಏನೂ ತುಂಬಾಕ ಆಗಬಾರದು."

ಸ್ಕ್ರೂಡ್ರೈವರಿನ ತುದಿಯಿಂದ ಕ್ಯಾಸೆಟ್ಟಿನ ಬೆನ್ನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಒಂದೊಂದಾಗಿ ಮುರಿದು, ಚೂರುಗಳನ್ನು ರೇಣುವಿನ ಅಂಗೈಗೆ ಹಾಕಿದ.