ಮಕ್ತುಮಸಾಬನ ಬಲಮಗ್ಗುಲು

ಬೆಳಗಿನ ಹೊತ್ತು ಮಕ್ತುಮಸಾಬನ ಅಂಗಳದಲ್ಲಿ ನಿಂತರೆ ಮೋಡದೊಳಗೆ ನಿಂತ ಹಾಗಾಗುತ್ತಿತ್ತು. ಅವನು ಹತ್ತಿ ಹಿಂಜುವವನು. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅವನ ಮನೆ. ಅವನು ದೊಡ್ಡ ಬಿಲ್ಲಿನ ತಂತಿ ಮೀಟುತ್ತಿದ್ದರೆ ಗಂಟುಕಟ್ಟಿದ ಹತ್ತಿ ಎಳೆ ಎಳೆಯಾಗಿ ಬಿಡಿಸಿಕೊಂಡು ಗಾಳಿಗೆ ಏಳುತ್ತಿತ್ತು. ಊರಿನ ಗಾದಿ, ದಿಂಬುಗಳಲ್ಲಿ ಅರ್ಧದಷ್ಟು ಅವನ ಕೈಯವೇ. ಇದು ಊರಲ್ಲಿ ಟಾಂಗಾಗಳು ಓಡಾಡುತ್ತಿದ್ದ, ನಮ್ಮ ಅಜ್ಜಿಯರು ಇನ್ನೂ ಲಂಗ ತೊಟ್ಟು ಕುಂಟಾಬಿಲ್ಲೆ ಆಡುತ್ತಿದ್ದ ಕಾಲದ ಮಾತು.

ಒಂದು ದಿನ ಬಿಲ್ಲಿನ ಸದ್ದು ನಡುವೆಯೇ ನಿಂತುಬಿಟ್ಟಿತು.

ಅವನ ಹೆಂಡತಿ ಹಾಜರಾಬಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತದ್ದು ಕೇಳಿ ಹೊರಗೆ ಬಂದಳು. ಮಕ್ತುಮಸಾಬ ಹತ್ತಿಯ ರಾಶಿಗೆ ಒರಗಿ ಕುಳಿತಿದ್ದ. ಬಾಯಿಯ ಬಲಗಡೆ ತುದಿ ಕೆಳಗೆ ಜಗ್ಗಿತ್ತು. ಬಲಗೈ ಹತ್ತಿಯೊಳಗೆ ಹುದುಗಿ ಬಿದ್ದಿತ್ತು.

"ಯಾಕ ಹಿಂಗ ಕುಂತ್ರಿ? ತಲಿ ತಿರಗಾಕತ್ತೈತೇನು?"

"ಏನೂ ಇಲ್ಲ, ಚೂರು ನೀರು ಕೊಡು" ಎಂದು ಅವನು ಹೇಳಿದ. ಹೇಳಿದೆನೆಂದು ಅವನು ತಿಳಿದ. ಆದರೆ ಬಾಯಿಂದ ಬಂದದ್ದು ಮಾತಲ್ಲ, ಗೊಗ್ಗರು ಸದ್ದು. ಅದನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು. ಯಾರದೋ ಧ್ವನಿ ತನ್ನ ಗಂಟಲಲ್ಲಿ ಬಂದು ಕುಳಿತ ಹಾಗೆ ಇತ್ತು.

ಓಣಿಯವರು ಓಡಿ ಬಂದು ಟಾಂಗಾ ಕಟ್ಟಿಸಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ನೋಡಿ, "ಲಕ್ವಾ ಹೊಡದೈತಿ. ಮಿದುಳಿಗೆ ರಕ್ತ ಹೋಗೂ ದಾರಿ ಕಟ್ಟೈತಿ. ಅದಕ್ಕ ಬಲಗಡೆ ಕೈಕಾಲು, ಮಾತು, ಎರಡೂ ಹೋಗ್ಯಾವ" ಅಂದರು. ಕೆಲವು ದಿನ ಅಲ್ಲಿಟ್ಟುಕೊಂಡು, ಜೀವಕ್ಕೆ ಭಯವಿಲ್ಲವೆಂದಾದ ಮೇಲೆ ಮನೆಗೆ ಕಳಿಸಿದರು. ಹೇಗೆ ನೋಡಿಕೊಳ್ಳಬೇಕೆಂದು ಹೇಳಿಯೇ ಕಳಿಸಿದ್ದರು. ಆದರೆ ಗಾಬರಿಯಾದ ಮನುಷ್ಯರಿಗೆ ಹೇಳಿದ ಮಾತು ನಿಲ್ಲುವುದುಂಟೆ? ಹಾಜರಾಬಿ ಎಲ್ಲದಕ್ಕೂ ತಲೆಯಾಡಿಸಿದಳು. ಮನೆ ಮುಟ್ಟುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಸುದ್ದಿ ತಿಳಿದು ರಾಯಾಪುರದಿಂದ ಮಕ್ತುಮಸಾಬನ ಅಕ್ಕ ರೆಹಮತ್‌ಬಿ ಬಂದಳು. ತಾಯಿ ಸತ್ತಾಗ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಅವಳ ಪ್ರೀತಿಗೆ ಎದುರು ಮಾತಿರಲಿಲ್ಲ. ಬಂದವಳೇ ಒಳಕೋಣೆಯಲ್ಲಿ ದಪ್ಪ ಗಾದಿ ಹಾಸಿಸಿ ತಮ್ಮನನ್ನು ಅಂಗಾತ ಮಲಗಿಸಿ, ಕಿಟಕಿ ಮುಚ್ಚಿಸಿದಳು.

"ಇದು ಗಾಳಿ ಬಡದದ್ದು. ಮತ್ತ ಗಾಳಿ ಸೋಕಬಾರದು. ಅವನ್ನ ಯಾರೂ ಅಲ್ಲಾಡಸಬ್ಯಾಡ್ರಿ" ಅಂದಳು. ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಕೈಕಾಲಿಗೆ ಜೀವ ಬರುತ್ತದೆಂದು ಯಾರೋ ಹೇಳಿದ್ದರು. ಬುಟ್ಟಿಯಲ್ಲಿ ಎರಡು ಪಾರಿವಾಳ ತರಿಸಿ ಮೂಲೆಯಲ್ಲಿಟ್ಟಳು.

"ಆಪಾ, ದವಾಖಾನ್ಯಾಗ ಏನೋ ಬ್ಯಾರೆ ಹೇಳಿದ್ರು..." ಎಂದಳು ಹಾಜರಾಬಿ.

"ಏನ ಹೇಳಿದ್ರು?"

ಹಾಜರಾಬಿಗೆ ನೆನಪಾಗಲಿಲ್ಲ.

ಮಕ್ತುಮಸಾಬ ಮಲಗಿದ್ದ. ಮಾಡಿನ ಹಂಚೊಂದು ಒಡೆದು ಅಲ್ಲಿಂದ ಬಿಸಿಲಿನ ಕೋಲೊಂದು ಒಳಗೆ ಇಳಿಯುತ್ತಿತ್ತು. ಅದರೊಳಗೆ ಹತ್ತಿಯ ಧೂಳು ನಿಧಾನವಾಗಿ ಏರುತ್ತ ಇಳಿಯುತ್ತ ತೇಲುತ್ತಿತ್ತು. ಅವನು ಇಡೀ ದಿನ ಅದನ್ನೇ ನೋಡುತ್ತಿದ್ದ. ಬಲಗೈ ತನ್ನನ್ನು ಬಿಟ್ಟು ಯಾವುದೋ ಊರಿಗೆ ಹೋಗಿದೆ ಎಂದು ಕೆಲವೊಮ್ಮೆ ಅನ್ನಿಸುತ್ತಿತ್ತು. ಅಲ್ಲಿ ಅದು ಯಾರದೋ ಅಂಗಳದಲ್ಲಿ ಹಾಯಾಗಿ ಮಲಗಿರಬಹುದು. ಕಣ್ಣು ಮುಚ್ಚಿದರೆ ಬಿಳೀ ಬಯಲು. ಬಯಲಿನ ಆಚೆ ದಂಡೆಯಲ್ಲಿ ಮಾತುಗಳು ಕುಳಿತಿದ್ದವು. ನೀರು, ಹಾಜರಾ, ಬೆನ್ನು, ನೋವು. ಒಂದೊಂದರ ಮುಖವೂ ಅವನಿಗೆ ಗುರುತಿತ್ತು. ಕೈ ಬೀಸಿ ಕರೆದರೆ ಎದ್ದು ಹೊರಡುತ್ತಿದ್ದವು. ಅರ್ಧ ದಾರಿಯಲ್ಲೇ ಕರಗಿ ಹೋಗುತ್ತಿದ್ದವು.

ಬೆನ್ನು ಉರಿಯುತ್ತಿತ್ತು. ಹೊರಳಬೇಕೆನ್ನಿಸುತ್ತಿತ್ತು. ಹೊರಳಲು ಅರ್ಧ ಮೈ ಒಪ್ಪುತ್ತಿರಲಿಲ್ಲ.

ನೋಡಲು ಬಂದ ಹೆಂಗಸರ ಜೊತೆ ಅಕ್ಕ ಅವನ ತಲೆಯ ಹತ್ತಿರವೇ ಕುಳಿತು ಮಾತಾಡುತ್ತಿದ್ದಳು.

"ಅವನ ಜೀವ ಇಲ್ಲಿಲ್ಲವ್ವಾ. ಎಲ್ಲೋ ತಿರಗಾಕತ್ತೈತಿ. ಬರೇ ಮೈ ಉಳದೈತಿ. ಅಪ್ಪನ ಗೋರಿ ಬಾಜೂಕ ಜಾಗಾ ಐತಿ, ಅಲ್ಲೇ ಮಾಡಿದ್ರಾತು."

ಆ ಮಾತೂ ಬಿಸಿಲಿನ ಕೋಲಿನೊಳಗೆ ತೇಲುತ್ತ ಬಂದು ಅವನ ಎದೆಯ ಮೇಲೆ ಕುಳಿತಿತು.

ಒಂದು ಸಂಜೆ ರೆಹಮತ್‌ಬಿ ತಮ್ಮನಿಗೆ ಹಾಲು ಕುಡಿಸಲು ಕುಳಿತಳು. ಅಂಗಾತ ಮಲಗಿದ್ದವನ ಬಾಯಿಗೆ ಬಟ್ಟಲಿನಿಂದಲೇ ಹಾಲು ಹೊಯ್ದಳು. ಹಾಲು ಗಂಟಲು ತಪ್ಪಿತು. ಅವನಿಗೆ ಕೆಮ್ಮು ಬಂತು, ಆಮೇಲೆ ಕೆಮ್ಮಲೂ ಆಗಲಿಲ್ಲ. ಮುಖ ಕಪ್ಪಿಟ್ಟಿತು. ಕಣ್ಣು ಮೇಲೆ ಹೋಯಿತು.

"ಯಾ ಅಲ್ಲಾ! ಲಗೂ ಬರ್ರೀ ಯಾರರೆ!"

ಎದುರು ಮನೆಯ ಗೌರಕ್ಕ ಆಗಷ್ಟೇ ಧಾರವಾಡದಿಂದ ಬಂದು ಚೀಲ ಇಳಿಸುತ್ತಿದ್ದಳು. ಅವಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆ ಸಿಕ್ಕಾಗಷ್ಟೇ ಮನೆಗೆ ಬರುತ್ತಿದ್ದಳು. ಕೂಗು ಕೇಳಿ ಓಡಿ ಬಂದಳು. ಒಂದು ಮಾತೂ ಆಡದೆ ಮಕ್ತುಮಸಾಬನನ್ನು ಮಗ್ಗುಲಿಗೆ ಹೊರಳಿಸಿ, ಮುಖ ಕೆಳಗೆ ಬಾಗಿಸಿ, ಬಾಯೊಳಗಿನ ಹಾಲನ್ನು ಬಟ್ಟೆಯಿಂದ ಒರೆಸಿ ತೆಗೆದಳು. ಎರಡು ಹೆಗಲಿನ ನಡುವೆ ಬಲವಾಗಿ ತಟ್ಟಿದಳು. ಹಾಲು ಹೊರಗೆ ಬಂತು. ಬಹಳ ದೂರದಿಂದ ಎಂಬಂತೆ ಉಸಿರು ಮರಳಿತು.

ರೆಹಮತ್‌ಬಿ ಬಟ್ಟಲು ಹಿಡಿದೇ ಗೋಡೆಗೆ ಒರಗಿದ್ದಳು.

"ನಾ... ನಾ ಹಾಲಷ್ಟ ಕುಡಸಿದ್ನಿ."

"ಗೊತ್ತೈತ್ರಿ ಆಪಾ. ಪ್ರೀತಿಲೇನ ಕುಡಿಸೀರಿ. ಆದ್ರ ಲಕ್ವಾ ಹೊಡದವರಿಗೆ ಅರ್ಧ ಗಂಟಲನೂ ಮಲಗಿರತೈತಿ. ಮಲಗಿಸಿ ಕುಡಿಸಿದ್ರ ಹಾಲು ಹೊಟ್ಟಿಗೆ ಹೋಗಂಗಿಲ್ಲ, ಉಸರಿನ ದಾರಿಗೆ ಹೋಗತೈತಿ."

ಹೊರಳಿಸಿದಾಗ ಅಂಗಿ ಮೇಲೆ ಸರಿದಿತ್ತು. ಗೌರಕ್ಕ ಕಂದೀಲು ಹತ್ತಿರ ತಂದಳು. ಸೊಂಟದ ಕೆಳಗೆ, ಎಲುಬು ಒತ್ತುವ ಜಾಗದಲ್ಲಿ, ಅಂಗೈಯಗಲ ಚರ್ಮ ಕೆಂಡದ ಹಾಗೆ ಕೆಂಪಾಗಿತ್ತು.

"ಹಾಜರವ್ವಾ, ಇಲ್ಲಿ ನೋಡ್ರಿ. ಹಿಂಗ ಅಲ್ಲಾಡಸದ ಬಿಟ್ರ ನಾಳಿ ಇದು ಒಡೀತೈತಿ. ಹುಣ್ಣಾಗಿ ಎಲುಬಿನ ತನಕಾ ಕೊರೀತೈತಿ. ನನ್ನ ಕಣ್ಣಾರೆ ನೋಡೇನಿ. ಲಕ್ವಾದಿಂದ ಉಳದವರು ಬೆನ್ನ ಹುಣ್ಣಿನಿಂದ ಹೋಗ್ಯಾರ."

ಹಾಜರಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅವರಿಗೆ ನೋವು ಆಗಿದ್ರ ಹೇಳ್ತಿದ್ರಲ್ಲಾ ಅಂದ್ಕೊಂಡಿದ್ನಿ."

"ಯಾರಿಗೆ ನೋವು ಗೌರಕ್ಕ?" ಎಂದಳು ರೆಹಮತ್‌ಬಿ. ಅವಳ ಧ್ವನಿ ಸೋತಿತ್ತು. "ಅವನಿಗೆ ಏನೂ ತಿಳಿಯಂಗಿಲ್ಲ. ಅವ ಇಲ್ಲಿಲ್ಲ."

ಗೌರಕ್ಕ ಮಕ್ತುಮಸಾಬನ ಮುಖದ ಎದುರಿಗೆ ನೆಲದ ಮೇಲೆ ಕುಳಿತಳು. ಅವಸರವಿಲ್ಲದೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕಾಕಾ. ನಾ ಗೌರಿ. ಎದುರು ಮನ್ಯಾಕಿ. ಮಾತು ಬ್ಯಾಡ. ನಾ ಹೇಳಿದ್ದು ತಿಳದ್ರ ಎಡಗೈಲೇ ನಿಮ್ಮ ಅಕ್ಕನ ಕೈ ಹಿಡೀರಿ."

ಬುಟ್ಟಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಮಕ್ತುಮಸಾಬನ ಎಡಗೈ ಗಾದಿಯ ಮೇಲೆ ತಡಕಾಡುತ್ತ, ಕತ್ತಲಲ್ಲಿ ದಾರಿ ಹುಡುಕುವವರ ಹಾಗೆ ನಿಂತು ನಿಂತು ಮುಂದೆ ಹೋಯಿತು. ಅಕ್ಕನ ಮಣಿಕಟ್ಟು ಸಿಕ್ಕಿತು. ಹಿಡಿಯಿತು. ಅವನ ಕಣ್ಣಿಂದ ನೀರು ಇಳಿದು ದಿಂಬು ಒದ್ದೆಯಾಯಿತು.

ರೆಹಮತ್‌ಬಿ ಆ ಕೈಯನ್ನು ನೋಡಿದಳು, ಆಮೇಲೆ ಅವನ ಕಣ್ಣನ್ನು.

"ಹಂಗಾರ... ನಾ ಗೋರಿ ಮಾತು ಆಡಿದ್ದು..."

ಅವನು ಹಿಡಿದ ಕೈ ಬಿಡಲಿಲ್ಲ.

"ಕೇಳ್ಯಾರ್ರಿ ಆಪಾ" ಎಂದಳು ಗೌರಕ್ಕ ಮೆಲ್ಲಗೆ. "ಮಾತು ಹೋಗೈತಿ, ಮನುಷ್ಯಾ ಹೋಗಿಲ್ಲ."

ರೆಹಮತ್‌ಬಿ ತಮ್ಮನ ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಮೂಲೆಯ ಬುಟ್ಟಿಯನ್ನು ಅಂಗಳಕ್ಕೆ ಒಯ್ದು ಮುಚ್ಚಳ ತೆಗೆದಳು. ಪಾರಿವಾಳಗಳು ಮಾಡು ದಾಟಿ ಸಂಜೆಯ ಬೆಳಕಿನೊಳಗೆ ಹೋದವು. ಒಳಗೆ ಬಂದು ಕಿಟಕಿ ತೆರೆದು, "ಏನೇನ ಮಾಡಬೇಕು, ನನಗ ತೋರಸು" ಅಂದಳು.

ಗೌರಕ್ಕ ತೋರಿಸಿದಳು. ಕುಡಿಸುವಾಗ, ಉಣಿಸುವಾಗ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು. ಗಲ್ಲ ಸ್ವಲ್ಪ ಕೆಳಗಿರಬೇಕು. ತೆಳ್ಳಗಿನ ನೀರಿಗಿಂತ ಗಟ್ಟಿ ಅಂಬಲಿ ಸುಲಭ. ಸಣ್ಣ ಚಮಚೆ, ಬಾಯಿಯ ಗಟ್ಟಿ ಇರುವ ಕಡೆಯಿಂದ, ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ಉಂಡಾದ ಮೇಲೆ ಸೋತ ಕಡೆಯ ದವಡೆಯಲ್ಲಿ ತುತ್ತು ಉಳಿದಿದೆಯೋ ನೋಡಬೇಕು. ಕೂಡಲೇ ಮಲಗಿಸಬಾರದು.

"ಮತ್ತ ಎರಡು ತಾಸಿಗೊಮ್ಮೆ ಮಗ್ಗಲ ಬದಲಸಬೇಕು."

"ನಮ್ಮ ಮನ್ಯಾಗ ಗಡಿಯಾರ ಎಲ್ಲೈತವ್ವಾ?" ಎಂದಳು ಹಾಜರಾಬಿ.

"ಮಸೀದಿ ಬಾಂಗ್ ಕೇಳತೈತಲ್ಲಾ? ಗಿರಣಿ ಭೋಂಗಾ ಕೇಳತೈತಿ. ರೈಲ ಗಾಡಿ ಸೀಟಿ ಕೇಳತೈತಿ. ಅವು ಕೇಳಿದಾಗೆಲ್ಲಾ ಹೊರಳಸ್ರಿ. ನಡುವ ನಿಮಗ ನೆನಪಾದ್ರ ಮತ್ತೊಮ್ಮೆ ಹೊರಳಸ್ರಿ. ಆದ್ರ ಸೋತ ಕೈ ಹಿಡದು ಜಗ್ಗಬ್ಯಾಡ್ರಿ, ಭುಜಾ ಕೀಲು ಬಿಡತೈತಿ. ಹೆಗಲಿಗೆ, ಸೊಂಟಕ್ಕ ಕೈ ಕೊಟ್ಟು ಹೊರಳಸ್ರಿ. ಕೆಂಪಾದ ಜಾಗಾ ತಿಕ್ಕಬ್ಯಾಡ್ರಿ. ಅದರ ಮ್ಯಾಲೆ ಭಾರ ಬೀಳದಂಗ, ಹಸಿ ಇರದಂಗ ನೋಡ್ಕೋರಿ."

ಆ ರಾತ್ರಿಯೇ ಹಾಜರಾಬಿ ಗಂಡ ಹಿಂಜಿಟ್ಟಿದ್ದ ಹತ್ತಿ ತೆಗೆದು ಸಣ್ಣ ಸಣ್ಣ ದಿಂಬು ಹೊಲಿದಳು. ಸೋತ ತೋಳಿನ ಕೆಳಗೆ ಒಂದು, ಎರಡು ಮೊಣಕಾಲುಗಳ ನಡುವೆ ಒಂದು, ಪಾದ ಜೋತು ಬೀಳದ ಹಾಗೆ ಒಂದು. ಮೊದಲ ಸಲ ಎಡಮಗ್ಗುಲಿಗೆ ಹೊರಳಿಸಿ ದಿಂಬುಗಳನ್ನು ಹೊಂದಿಸಿದಾಗ ಮಕ್ತುಮಸಾಬ ಉದ್ದಕ್ಕೆ ಉಸಿರು ಬಿಟ್ಟ. ಬೆನ್ನಿನ ಬೆಂಕಿಯ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟ ಹಾಗಿತ್ತು. ಅಂದು ಅವನು ಬಿಳೀ ಬಯಲಿನ ಕನಸು ಕಾಣದೆ ನಿದ್ದೆ ಹೋದ.

ದಿನಗಳು ಹೋದವು. ಬೆಳಗಿನ ಎಳೆಬಿಸಿಲಲ್ಲಿ ಕೂರಿಸಿಕೊಂಡು ಹಾಜರಾಬಿ ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಿದ್ದಳು. ಮಣಿಕಟ್ಟು, ಮೊಣಕೈ, ಮೊಣಕಾಲು, ಪಾದ, ಎಲ್ಲವನ್ನೂ ನೋವಾಗದಂತೆ ಆಡಿಸುತ್ತಿದ್ದಳು. ಆಡಿಸುವಾಗ ಓಣಿಯ ಸುದ್ದಿ ಹೇಳುತ್ತಿದ್ದಳು: ಯಾರ ಮನೆಯ ಎಮ್ಮೆ ಈದಿತು, ಯಾರ ಮಗಳಿಗೆ ವರ ಬಂತು. ಅವನು ಕೇಳುತ್ತ ಕೇಳುತ್ತ ಅರ್ಧ ಮುಖದಿಂದ ನಗುತ್ತಿದ್ದ. ಊಟದ ಹೊಣೆ ರೆಹಮತ್‌ಬಿಯದು. ನೋಡಲು ಬಂದ ಯಾರಾದರೂ ದನಿ ತಗ್ಗಿಸಿ "ಪಾಪ, ಇನ್ನೆಷ್ಟು ದಿನಾನೋ" ಎಂದರೆ ಅವಳು ಎದ್ದು ನಿಲ್ಲುತ್ತಿದ್ದಳು.

"ಅವನ ಕೂಡ ಮಾತಾಡೂದಿದ್ರ ಕುಂದರ್ರಿ. ಅವನ ಸಾವಿನ ಮಾತಾಡೂದಿದ್ರ ಬಾಗಲಾ ಅಲ್ಲೈತಿ."

ಬೆನ್ನಿನ ಕೆಂಪು ಮಾಯಿತು. ಒಂದು ಮುಂಜಾನೆ ಬಲಗಾಲಿನ ಹೆಬ್ಬೆರಳು ಅಲುಗಿತು. ಕಂಡವಳು ಹಾಜರಾಬಿ. ಯಾರಿಗೂ ಹೇಳದೆ, ಮತ್ತೊಮ್ಮೆ ಅಲುಗುತ್ತದೆಯೋ ಎಂದು ಕಾಯುತ್ತ ಕುಳಿತಳು. ಅಲುಗಿತು. ಚಳಿಗಾಲದ ಹೊತ್ತಿಗೆ ಅವನು ಎಡಗೈಯಲ್ಲಿ ಕೋಲು ಹಿಡಿದು, ಹೆಂಡತಿಯ ಹೆಗಲಿಗೆ ಒರಗಿ ನಿಂತ. ಕೈ ಪೂರ್ತಿ ಮರಳಲಿಲ್ಲ. ಬಿಲ್ಲು ಹಿಡಿಯುವ ಶಕ್ತಿ ಬರಲೇ ಇಲ್ಲ. ಅದನ್ನು ಗೌರಕ್ಕ ಮೊದಲೇ ಮುಚ್ಚಿಡದೆ ಹೇಳಿದ್ದಳು. ಮಾತುಗಳು ಮಾತ್ರ ಒಂದೊಂದಾಗಿ ಬಯಲು ದಾಟಿ ಈಚೆ ಬರತೊಡಗಿದವು.

ಒಂದು ದಿನ ರೆಹಮತ್‌ಬಿ ಅಂಬಲಿಯ ಚಮಚೆ ಬಾಯಿಗೆ ಒಯ್ದಾಗ ಅವನು ಎಡಗೈಯಿಂದ ಅದನ್ನು ತಡೆದ. ತುಟಿ ಬಹಳ ಹೊತ್ತು ಹೆಣಗಿತು.

"ನೀ... ಉಣ್ಣು" ಎಂದ.

ಬೆಳಗಿನಿಂದ ಅಕ್ಕ ಏನೂ ತಿಂದಿಲ್ಲ ಎಂಬುದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವಳು ಚಮಚೆ ಬಟ್ಟಲಿಗೆ ಹಾಕಿ, ಅವನ ಎದುರಿಗೇ ಕುಳಿತು, ಕಣ್ಣೀರು ಒರೆಸಿಕೊಳ್ಳದೆ ಉಂಡಳು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಒಬ್ಬರು ನಿಮ್ಮ ಓಣಿಯಲ್ಲೂ ಇರಬಹುದು. ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ ನಾಳೆಗೆಂದು ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಮಕ್ತುಮಸಾಬನ ಕಾಲದಲ್ಲಿ ಇಲ್ಲದ ಔಷಧಗಳು ಈಗ ಇವೆ. ಆದರೆ ಅವು ಫಲ ಕೊಡುವುದು ಮೊದಲ ಕೆಲವೇ ತಾಸುಗಳಲ್ಲಿ. ಮನೆಗೆ ಬಂದ ಮೇಲೆ ಆರೈಕೆ ನಿಮ್ಮ ಕೈಯಲ್ಲಿದೆ. ಕೂರಿಸಿ ಉಣಿಸಿ, ಮಗ್ಗುಲು ಬದಲಿಸಿ, ಚರ್ಮ ನೋಡಿ, ಕೈಕಾಲು ಆಡಿಸಿ. ತಿಳಿಯದಿದ್ದರೆ ನರ್ಸಮ್ಮನನ್ನೋ ಆಶಾ ಕಾರ್ಯಕರ್ತೆಯನ್ನೋ ಮತ್ತೆ ಮತ್ತೆ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಇಷ್ಟೆಲ್ಲಕ್ಕೂ ಮೊದಲು, ಈ ಕಥೆ ಮುಗಿಸಿ ಎದ್ದ ಕೂಡಲೇ ಮಾಡಬಹುದಾದದ್ದು ಒಂದಿದೆ. ಮಾತು ಕಳೆದುಕೊಂಡು ಮಲಗಿದವರ ಹತ್ತಿರ ಹೋಗಿ ಕುಳಿತುಕೊಳ್ಳಿ. ಹೆಸರು ಹಿಡಿದು ಕರೆಯಿರಿ. ಉತ್ತರ ಬರುವುದು ತಡವಾದರೆ, ಕಾಯಿರಿ.