ಹಟ್ಟಿಗೆ ಸೊಪ್ಪು

ಸೋಣ ತಿಂಗಳು ಅರ್ಧ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಗುಡ್ಡದ ಮುರಕಲ್ಲಿನ ಗುಂಡಿಗಳಲ್ಲಿ ನಿಂತ ನೀರಿನಿಂದ ಬೆಳಗಿನ ಬಿಸಿಲಿಗೆ ಆವಿ ಏಳುತ್ತಿತ್ತು. ಅಪ್ಪಿ ನೇರಳೆ ಮರದ ಕವಲಿನಲ್ಲಿ ಕಾಲೂರಿ ನಿಂತು ಕತ್ತಿಯಿಂದ ಗೆಲ್ಲು ಸವರುತ್ತಿದ್ದಳು. ಕೆಳಗೆ ಅವಳ ಗಂಡ ಶೀನ, ಮಡಚಲಿಕ್ಕಾಗದ ಎಡಗಾಲನ್ನು ಉದ್ದಕ್ಕೆ ಚಾಚಿ ಕೂತು, ಬಿದ್ದ ಸೊಪ್ಪನ್ನು ಒಟ್ಟುಮಾಡಿ ಬಳ್ಳಿಯಲ್ಲಿ ಕಟ್ಟುತ್ತಿದ್ದ.

"ಅದಲ್ಲ ಬೇವರ್ಸಿ, ಅದಲ್ಲ!" ಹೆರಾಲ್ಡ್ ಕೊಡೆಯ ತುದಿಯನ್ನು ಮೇಲಕ್ಕೆತ್ತಿ ತೋರಿಸಿದರು. "ನಿಮ್ಮ ಗುಡಿಸಲಿನ ಸುತ್ತ ಕಡಿಯಿರಿ ಅಂದದ್ದು ನಾನು. ಕಿವಿಯಲ್ಲಿ ಎಂತ ಸೆಗಣಿ ಉಂಟಾ?"

ಜಮೀನಿದ್ದ ಕ್ರಿಸ್ತುವ ಧನಿಗಳಾದ್ದರಿಂದ ಊರಿನವರು ಅವರನ್ನು ಪೊರ್ಬುಗಳು ಎನ್ನುತ್ತಿದ್ದರು. ಗುಡಿಸಲು ಎಂದು ಅವರು ಹೇಳಿದ್ದು ಶೀನನ ಮನೆಗೆ. ಅದಕ್ಕೆ ಮುರಕಲ್ಲಿನ ಗೋಡೆಯಿತ್ತು, ಹಂಚು ಇತ್ತು, ಕರೆಂಟು ಕೂಡ ಇತ್ತು.

"ಮನೆ ಹತ್ತಿರದ್ದು ನೆರಳಿಗೆ ಬಿಟ್ಟದ್ದು ಪೊರ್ಬುಲೆ," ಎಂದಳು ಅಪ್ಪಿ.

"ನೆರಳು ನಿನ್ನ ಅಪ್ಪ ನೆಟ್ಟದ್ದಾ?"

ಆ ಮರಗಳನ್ನು ನೆಟ್ಟದ್ದು ಅಪ್ಪಿಯ ಮಾವ. ಅಪ್ಪ ಅಲ್ಲ. ಅವಳು ಮರದಿಂದ ಇಳಿದು, ತಲೆಯ ಅಡಿಕೆಹಾಳೆಯ ಮುಟ್ಟಾಳೆಯನ್ನು ಸರಿಮಾಡಿಕೊಂಡು, ಮನೆಯ ಮಗ್ಗುಲಿನ ಮತ್ತಿ ಮರ ಹತ್ತಿದಳು.

ಪೊರ್ಬುಗಳ ಮನೆಯಿಂದ ಸೊಪ್ಪಿಗೆ ಕರೆ ಬಂದು ವರ್ಷಗಳೇ ಕಳೆದಿದ್ದವು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. ದನಗಳನ್ನು ಮಾರಿಯಾಗಿತ್ತು. ನಿನ್ನೆ ಫೋನು ಮಾಡಿ, ನಾಳೆ ಗುಡ್ಡದಲ್ಲಿ ಸೊಪ್ಪು ಕಡಿಯಬೇಕು, ಇಬ್ಬರೂ ಬನ್ನಿ ಎಂದಾಗ ಶೀನನಿಗೆ ಸಂತೋಷವೇ ಆಗಿತ್ತು. ಹಟ್ಟಿಗೆ ಮತ್ತೆ ದನ ಬಂದಿರಬೇಕು ಎಂದುಕೊಂಡಿದ್ದ. ಬೆಳಿಗ್ಗೆ ಕೇಳಿಯೂ ಇದ್ದ.

"ಊರಿನ ದನವಾ ಪೊರ್ಬುಲೆ, ಜೆರ್ಸಿಯಾ?"

"ನಿನಗೆ ಕಡಿಯುವ ಕೆಲಸ ಕೊಟ್ಟದ್ದು. ಕೇಳುವ ಕೆಲಸ ಕೊಡಲಿಲ್ಲ."

ಒಂಬತ್ತರ ಸುಮಾರಿಗೆ ಪೊರ್ಬುಗಳ ಹೆಂಡತಿ ಗ್ಲ್ಯಾಡಿಸ್ ಬಾಯಮ್ಮ ಫ್ಲಾಸ್ಕಿನಲ್ಲಿ ಚಾ ತಂದು ಕಲ್ಲಿನ ಮೇಲಿಟ್ಟು ಹೋದರು. ಪೊರ್ಬುಗಳೂ ಅವರ ಜೊತೆ ಮನೆಗೆ ಇಳಿದರು. ಹಿಂದೆಲ್ಲ ಶೀನನಿಗೂ ಅಪ್ಪಿಗೂ ಎಂದು ಎರಡು ಲೋಟ ಹಟ್ಟಿಯ ಗೋಡೆಯ ಸಂದಿನಲ್ಲಿ ಇರುತ್ತಿದ್ದವು. ಕುಡಿದ ಮೇಲೆ ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು. ಈಗ ಕಾಗದದ ಲೋಟ ಬಂದಿದೆ. ಅದರಿಂದ ಎಲ್ಲರಿಗೂ ಅನುಕೂಲವಾಗಿದೆ.

ಚಾ ಕುಡಿಯುವಾಗ ಮಗಳು ಚೈತಾಲಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಕ್ಲೀನಿಂಗ್ ಕೆಲಸ ಅವಳದ್ದು. ರಾತ್ರಿ ಪಾಳಿ ಮುಗಿಸಿ, ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಯೂನಿಫಾರ್ಮಿನಲ್ಲೇ ಬಂದಿದ್ದಳು. ಮನೆಯ ಸುತ್ತ ಬಿದ್ದ ಸೊಪ್ಪಿನ ರಾಶಿ ನೋಡಿ ನಿಂತುಬಿಟ್ಟಳು.

"ಅಮ್ಮ, ಎಂತ ಮಾಡ್ತಾ ಇದ್ದಿ ನೀನು?"

"ಕಾಣುವುದಿಲ್ವಾ? ಸೊಪ್ಪು."

"ಇವತ್ತು ನಮ್ಮ ಮನೆ ನೋಡ್ಲಿಕ್ಕೆ ಕಂದಾಯ ಇಲಾಖೆಯ ಆರ್.ಐ. ಬರ್ತಾರೆ. ಹಕ್ಕುಪತ್ರಕ್ಕೆ ನಾವು ಅರ್ಜಿ ಹಾಕಿದ್ದುಂಟಲ್ಲ, ಅದಕ್ಕೆ. ಈಗ ಫೋನು ಬಂತು."

"ಬರ್ಲಿ. ಬೆಲ್ಲ ಉಂಟು, ನೀರು ಕೊಡುವ."

"ಪೊರ್ಬುಗಳು ತಕರಾರು ಹಾಕಿದ್ದಾರೆ ಅಮ್ಮ. ಈ ಗುಡ್ಡ ಅವರ ಕುಮ್ಕಿ ಅಂತ. ಈಗಲೂ ಹಟ್ಟಿಗೆ ಸೊಪ್ಪು ಇಲ್ಲಿಂದಲೇ ಅಂತ. ಅದಕ್ಕೆ ಸಾಕ್ಷಿ ಬೇಕಲ್ಲ. ಆ ಸಾಕ್ಷಿಯನ್ನು ನೀನೇ ಕಡಿದು ಕಡಿದು ಹಾಕ್ತಾ ಇದ್ದಿ!"

ಪಟ್ಟೆ ಜಾಗವಿದ್ದವನು ಅದರ ಪಕ್ಕದ ಸರಕಾರಿ ಗುಡ್ಡದಿಂದ ಸೊಪ್ಪು ಸೌದೆ ತೆಗೆದುಕೊಳ್ಳಬಹುದು ಎಂದು ಬ್ರಿಟಿಷರ ಕಾಲದಲ್ಲಿ ಆದದ್ದು ಕುಮ್ಕಿ. ಆಮೇಲೆ ಬ್ರಿಟಿಷರು ಹೋದರು. ಗದ್ದೆ ಹೋಯಿತು. ದನವೂ ಹೋಯಿತು. ಕುಮ್ಕಿ ಇತ್ತು. ಅದು ಇನ್ನು ಪಟ್ಟೆದಾರರಿಗೇ ಆಗುತ್ತದೆ ಎಂಬ ಸುದ್ದಿ ಹಬ್ಬಿದ ಮೇಲೆ ಅದರ ನಡುವೆ ಒಂದು ಮನೆ ಇರುವುದು ಪೊರ್ಬುಗಳ ಕಣ್ಣಿಗೆ ಬಿದ್ದಿತ್ತು.

ಶೀನ ಕಟ್ಟುತ್ತಿದ್ದ ಹೊರೆಯನ್ನು ಬಿಟ್ಟ. "ಹಾಗಾದ್ರೆ ದನ ಬರಲಿಲ್ವಾ?" ಎಂದ.

"ನಿನಗೆ ದನದ್ದೇ ಚಿಂತೆ ಅಪ್ಪ. ಈ ಮನೆ ಹೋದ್ರೆ ಎಲ್ಲಿಗೆ ಹೋಗುವುದು? ಅಮ್ಮ, ಕತ್ತಿ ಕೆಳಗೆ ಇಡು."

ಅಪ್ಪಿ ಕಾಗದದ ಲೋಟವನ್ನು ಮುದ್ದೆಮಾಡಿ ಎಸೆದಳು. ಅರ್ಧ ಕಡಿದ ಮತ್ತಿ ಮರವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಹತ್ತಿದಳು.

"ನಿನಗೆ ಮರ್ಲಾ ಅಮ್ಮ?"

"ಕಡಿದದ್ದನ್ನು ಮರಕ್ಕೆ ಅಂಟಿಸ್ಲಿಕ್ಕೆ ಆಗ್ತದಾ? ಕಡಿದಾಯ್ತು. ಇನ್ನು ಉಳಿದದ್ದನ್ನೂ ಕಡಿದು ಹೊರುವುದು ಬಾಕಿ. ನೀನು ಅಪ್ಪನಿಗೆ ಬಳ್ಳಿ ಕೊಡು."

ಆರ್.ಐ. ಬೈಕಿನಲ್ಲಿ ಬಂದರು. ಚಿಕ್ಕ ಪ್ರಾಯ. ಶೂವಿಗೆ ಕೆಸರು ತಾಗದ ಹಾಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದು, ಮೊಬೈಲಿನಲ್ಲಿ ಮನೆಯ ಫೋಟೋ ತೆಗೆದರು. ಸೊಪ್ಪಿನ ರಾಶಿಯದ್ದೂ ತೆಗೆದರು.

"ಮನೆ ಯಾವಾಗ ಕಟ್ಟಿದ್ದು?"

"ನಾನು ಹುಟ್ಟುವ ಮೊದಲು," ಎಂದ ಶೀನ.

"ನಾವು ಕೂರ್ಲಿಕ್ಕೆ ಬಿಟ್ಟದ್ದು ಸರ್," ಎಂದು, ಬೈಕಿನ ಸದ್ದು ಕೇಳಿ ಮತ್ತೆ ಗುಡ್ಡ ಹತ್ತಿದ್ದ ಪೊರ್ಬುಗಳು ಮುಂದೆ ಬಂದರು. "ಪಾಪ ಅಂತ. ಈಗ ನೋಡಿ." ಆಮೇಲೆ ಕೊಡೆಯನ್ನು ಪಡುವಣ ಕಡೆಗೆ ಚಾಚಿದರು. ಅಲ್ಲಿ ತೆಂಗಿನ ತಲೆಗಳ ಮೇಲೆ ಕಾಪುವಿನ ಕಡೆಯ ಸಮುದ್ರ ಒಂದು ಗೆರೆಯಷ್ಟು ಹೊಳೆಯುತ್ತಿತ್ತು. "ನಮ್ಮ ಹಿರಿಯರು ಗೋವೆಯಿಂದ ದೋಣಿಯಲ್ಲಿ ಬಂದು ಅಲ್ಲಿ ಇಳಿದದ್ದು. ಇಲ್ಲಿಂದ ಘಟ್ಟದವರೆಗೆ ಬರೀ ಕಾಡು. ಮನುಷ್ಯರು ಅಂತ ಒಬ್ಬರಿಲ್ಲ. ಹುಲಿ ಮಾತ್ರ. ಆ ಕಾಡು ಕಡಿದು ಗದ್ದೆ ಮಾಡಿದ್ದು ನಾವು."

"ಹೌದಾ," ಎಂದರು ಆರ್.ಐ. ಮೊಬೈಲು ನೋಡುತ್ತ.

"ಮತ್ತೆ ಟಿಪ್ಪುವಿನ ಜನ ಬಂದು ಮನೆಮಂದಿಯನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಹಿಡ್ಕೊಂಡು ಹೋದ್ರು. ಎಷ್ಟೋ ವರ್ಷ ಸೆರೆ. ಉಳಿದವರು ಹೇಗೋ ನಡೆದು ವಾಪಸು ಬಂದು ನೋಡ್ತಾರೆ, ಗದ್ದೆ ಪೂರ್ತಿ ತೆನೆ! ನೋಡಿಕೊಳ್ಳುವವರು ಒಬ್ಬರಿಲ್ಲದ ಗದ್ದೆ ಸರ್. ದೇವರ ಅದ್ಭುತ ಅಲ್ಲದೆ ಮತ್ತೆಂತ?"

ಇದು ತೆನೆಹಬ್ಬದ ಊಟಕ್ಕೆ ಕೂತಾಗ ಆ ಮನೆಯಲ್ಲಿ ವರ್ಷವೂ ಹೇಳುವ ಕತೆ. ಹಿತ್ತಲಿನಲ್ಲಿ ಊಟಕ್ಕೆ ಕಾಯುತ್ತ ಶೀನ ಅದನ್ನು ಚಿಕ್ಕಂದಿನಿಂದ ಕೇಳಿದ್ದ. ಹೊರೆಗೆ ಗಂಟು ಹಾಕುತ್ತಿದ್ದವನು ತಲೆ ಎತ್ತದೆ ಕೇಳಿದ.

"ಹುಲಿ ನೆಟ್ಟದ್ದಾ ಪೊರ್ಬುಲೆ?"

ಆರ್.ಐ.ಗೆ ನಗು ಬಂತು. ಕೆಮ್ಮಿ ಸರಿಮಾಡಿಕೊಂಡರು.

"ನಾಯಿಯ ಮಗನೇ, ದೊಡ್ಡವರು ಮಾತಾಡುವಾಗ ಬಾಯಿ ಮುಚ್ಚು," ಎಂದರು ಪೊರ್ಬುಗಳು.

"ಅಲ್ಲ, ಮನುಷ್ಯರು ಇರಲಿಲ್ಲ ಅಂದ್ರಿ. ಅದಕ್ಕೆ ಕೇಳಿದ್ದು."

ಆರ್.ಐ. "ಸೊಪ್ಪು ಪ್ರತಿವರ್ಷ ತೆಗೀತೀರಾ?" ಎಂದು ಕೇಳಿದರು.

"ಒಂದು ವರ್ಷವೂ ತಪ್ಪಿಲ್ಲ ಸರ್. ಹೊರುವುದು ಇವಳೇ. ಬೇಕಾದ್ರೆ ಕೇಳಿ. ಹೌದೋ ಅಲ್ವೋ ಅಪ್ಪಿ?"

ಚೈತಾಲಿ ಮರದಿಂದ ಇಳಿದು ಬಂದಿದ್ದ ಅಮ್ಮನ ಮುಖ ನೋಡಿದಳು.

"ಹೌದು," ಎಂದಳು ಅಪ್ಪಿ. "ಪೊರ್ಬುಗಳು ಸುಳ್ಳು ಹೇಳ್ತಾರಾ?"

"ಎಲ್ಲಿಗೆ ಹೊರುವುದು?"

"ಹಟ್ಟಿಗೆ ಸರ್," ಪೊರ್ಬುಗಳೇ ಉತ್ತರ ಕೊಟ್ಟರು. "ದನದ ಅಡಿಗೆ ಹಾಸ್ಲಿಕ್ಕೆ. ಗೊಬ್ಬರ ಆಗ್ಬೇಕಲ್ಲ."

"ಇದು ಕೂಡ ಹಟ್ಟಿಗೇ ಅಲ್ವಾ ಪೊರ್ಬುಲೆ?" ಎಂದು ಅಪ್ಪಿ ಕೇಳಿದಳು.

"ಮತ್ತೆ ನಿನ್ನ ತಲೆಗಾ?"

"ಅಷ್ಟು ಹೇಳಿದ್ರೆ ಸಾಕು," ಎಂದು ಅಪ್ಪಿ ಬಗ್ಗಿದಳು. ಚೈತಾಲಿ ಹೊರೆಯ ಒಂದು ಬದಿ ಹಿಡಿದು ಅಮ್ಮನ ತಲೆಗೆ ಏರಿಸಿದಳು.

ಪೊರ್ಬುಗಳು ಹತ್ತಿರ ಬಂದು ಸ್ವರ ತಗ್ಗಿಸಿದರು. "ಈಗ ಬೇಡ. ಇಲ್ಲೇ ಇರ್ಲಿ. ಅವರು ಹೋದ ಮೇಲೆ ನೋಡುವ."

"ಹೋಗ್ಲಿ ಬಿಡಿ ಅವರು," ಎಂದರು ಆರ್.ಐ. "ನನಗೂ ಹಟ್ಟಿಯ ಒಂದು ಫೋಟೋ ಬೇಕಿತ್ತು. ರಿಪೋರ್ಟಿಗೆ."

ಅಪ್ಪಿ ಆಗಲೇ ಇಳಿಜಾರಿನಲ್ಲಿದ್ದಳು. ಆ ದಾರಿಯನ್ನು ಅವಳ ಕಾಲು ಮರೆತಿರಲಿಲ್ಲ.

ಹಟ್ಟಿ ಪೊರ್ಬುಗಳ ಮನೆಯ ಬಲಬದಿಗೆ ಇದ್ದಲ್ಲೇ ಇತ್ತು. ಮಾಡಿನ ಹಂಚು ಅದೇ. ಗೋಡೆಯ ಸಂದಿಯೂ ಅದೇ. ನೆಲಕ್ಕೆ ಟೈಲ್ಸು ಬಂದಿತ್ತು. ಅದರ ಮೇಲೆ ಪೊರ್ಬುಗಳ ಮಗ ಲೆಸ್ಟರನ ಬಿಳಿ ಕಾರು ನಿಂತಿತ್ತು. ಲೆಸ್ಟರ್ ಕತಾರಿನಲ್ಲಿದ್ದ. ರಜೆಗೆ ಬಂದಾಗ ಓಡಿಸಲಿಕ್ಕೆಂದು ಇಟ್ಟ ಕಾರು. ಬೂಸಲು ಹಿಡಿಯದಿರಲೆಂದು ಬಾಯಮ್ಮ ಅದನ್ನು ಒರೆಸಿ ನಾಲ್ಕೂ ಬಾಗಿಲು ತೆರೆದಿಟ್ಟಿದ್ದರು.

ಅಪ್ಪಿ ಒಳಗೆ ಹೋಗಿ ತಲೆ ಬಗ್ಗಿಸಿದಳು. ಹೊರೆ ಕಾರಿನ ಮೇಲೆ ಬಿದ್ದು ಒಡೆಯಿತು. ಸೊಪ್ಪಿನೊಳಗೆ ಕೆಂಪಿರುವೆಯ ಗೂಡೊಂದು ಇತ್ತು. ಅದೂ ಒಡೆಯಿತು.

"ಜೆಜು!" ಬಾಯಮ್ಮ ಕೈಯ ಬಟ್ಟೆ ಬಿಟ್ಟು ಕೂಗಿದರು. "ಲೆಸ್ಟರನ ಕಾರು!"

"ರಂಡೆ! ಎಂತ ಮಾಡಿದ್ದು ನೀನು?" ಪೊರ್ಬುಗಳು ಕೊಡೆ ಎತ್ತಿಕೊಂಡು ಓಡಿಬಂದರು.

"ಹಟ್ಟಿಗೆ ಹಾಕಿದ್ದು. ಬೇರೆ ಹಟ್ಟಿ ಇದ್ರೆ ತೋರಿಸಿ, ಅಲ್ಲಿಗೆ ಹಾಕ್ತೇನೆ."

ಎತ್ತಿದ ಕೊಡೆ ಹಾಗೆಯೇ ನಿಂತಿತು. ಹಿಂದೆ ಆರ್.ಐ. ಇದ್ದರು.

"ದನ ಎಲ್ಲಿ?" ಎಂದು ಕೇಳಿದರು ಅವರು.

"ದನ… ಮೇಯ್ಲಿಕ್ಕೆ ಹೋಗಿದೆ ಸರ್."

ಅಷ್ಟರಲ್ಲಿ ಶೀನ ಚಿಕ್ಕದೊಂದು ಹೊರೆ ಹೊತ್ತು ಕುಂಟುತ್ತ ಬಂದ. ಮಾತು ಕೇಳಿಸಿಕೊಂಡು ನಿಂತ. "ಸಂಜೆಗೆ ಬರ್ತದಾ? ಹಾಗಾದ್ರೆ ಇಷ್ಟು ಸಾಲುವುದಿಲ್ಲ," ಎಂದು ಅದನ್ನು ಕಾರಿನ ಹಿಂದಿನ ಸೀಟಿಗೆ ಸುರಿದ.

ಆರ್.ಐ. ಮೊಬೈಲು ಎತ್ತಿ ಹಿಡಿದರು. ಫೋಟೋ ತೆಗೆದರೋ ಗಂಟೆ ನೋಡಿದರೋ ಯಾರಿಗೂ ತಿಳಿಯಲಿಲ್ಲ. ಬಾಯಮ್ಮ ಗಾಜಿನ ಲೋಟದಲ್ಲಿ ತಂದ ಪುನರ್ಪುಳಿ ಶರಬತ್ತನ್ನು ನಿಂತೇ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಬೈಕು ಹತ್ತಿದರು. ಯಾರಿಗೆ ಎಂದು ಹೇಳಲಿಲ್ಲ.

ಬೈಕಿನ ಸದ್ದು ಮುಗಿಯುವ ತನಕ ಪೊರ್ಬುಗಳು ಕಾದರು.

"ಇವತ್ತಿನ ಕೂಲಿ ಇಲ್ಲ. ಒಂದು ಕಾಸು ಕೊಡುವುದಿಲ್ಲ. ಸೊಪ್ಪು ತೆಗೆದು ಹೊರಗೆ ಹಾಕಿ, ಇಲ್ಲಿಂದ ಹೊರಡಿ."

"ಕೂಲಿ ಬೇಡ," ಎಂದಳು ಅಪ್ಪಿ. "ಒಂದು ವರ್ಷವೂ ತಪ್ಪಿಲ್ಲ ಅಂತ ಸಾಹೇಬರ ಎದುರು ಹೇಳಿದ್ದೀರಿ. ನಾನೂ ಹೌದು ಅಂದಿದ್ದೇನೆ. ದನ ಮಾರಿದ ಮೇಲೆ ನಾನು ಒಂದು ಎಲೆ ತರಲಿಲ್ಲ ಪೊರ್ಬುಲೆ. ಅಷ್ಟೂ ವರ್ಷದ್ದು ಬಾಕಿ ಉಂಟು. ನಮ್ಮಿಬ್ಬರ ಮಾತು ಸುಳ್ಳಾಗಬಾರದು."

ಅವಳು ಗುಡ್ಡದ ಕಡೆ ತಿರುಗಿದಳು. ಶೀನ ಹಿಂದೆ ಹೋದ. ಅಪ್ಪನ ಹಿಂದೆ ಇಳಿದು ಬಂದಿದ್ದ ಚೈತಾಲಿ ಚಪ್ಪಲಿ ಬಿಚ್ಚಿ ಮೆಟ್ಟಿಲ ಬದಿಗಿಟ್ಟು, ಅದೇ ಯೂನಿಫಾರ್ಮಿನಲ್ಲಿ ತನ್ನ ಮೊದಲ ಹೊರೆ ಹೊತ್ತಳು. ಪೊರ್ಬುಗಳು ಪೊಲೀಸಿಗೆ ಫೋನು ಮಾಡಲು ಎರಡು ಸಲ ಮೊಬೈಲು ಹಿಡಿದರು. ಹಟ್ಟಿಗೆ ಸೊಪ್ಪು ಹಾಕಿದ್ದಾರೆ ಎಂದು ಹೇಳಬೇಕಿತ್ತು. ಎರಡು ಸಲವೂ ಕಿಸೆಗೆ ಹಾಕಿದರು.

ಮಧ್ಯಾಹ್ನಕ್ಕೆ ಕಾರು ಕಾಣದಾಯಿತು. ಮೂರು ಗಂಟೆಗೆ ಹಟ್ಟಿ ತುಂಬಿ ಸೊಪ್ಪು ಅಂಗಳಕ್ಕೆ ಬಂತು. ಆಮೇಲೆ ಮೆಟ್ಟಿಲಿಗೆ. ಕೆಂಪಿರುವೆಗಳು ಸಾಲು ಹಿಡಿದು ಚಾವಡಿಯ ಗೋಡೆ ಹತ್ತಿದವು. ಬಾಯಮ್ಮ ಬಾಗಿಲು ಹಾಕಿಕೊಂಡರು.

ಸಂಜೆಯ ಹೊತ್ತಿಗೆ ಪೊರ್ಬುಗಳು ಜಗಲಿಯಿಂದ ಕತ್ತೆತ್ತಿ ನೋಡಿದಾಗ ಗುಡ್ಡದ ಮೇಲೆ ಶೀನನ ಮನೆ ಪೂರ್ತಿ ಕಂಡಿತು. ಇಷ್ಟು ವರ್ಷ ಅದು ಮರಗಳ ಒಳಗಿತ್ತು. ಈಗ ಅದರ ಸುತ್ತ ಬೋಳು ಗೆಲ್ಲುಗಳು. ಹಂಚಿನ ಮೇಲೆ, ಬಾಗಿಲಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬಿಸಿಲು. ಕೆಳಗಿನ ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕಾಣುವ ಹಾಗೆ ನಿಂತಿತ್ತು.

ಅಪ್ಪಿ ಕೊನೆಯ ಹೊರೆಯನ್ನು ಜಗಲಿಯ ಮೇಲೆ ಅವರ ಕಾಲ ಬಳಿ ಇಳಿಸಿ, ಮುಟ್ಟಾಳೆ ಕೊಡವಿದಳು.

"ಬಾಕಿ ಮುಗೀಲಿಲ್ಲ ಪೊರ್ಬುಲೆ," ಎಂದಳು. "ನಾಳೆ ಬೇಗ ಬರ್ತೇವೆ."