ದಮ್ಮು ಎಂದು ಹೇಳಿದ್ದರು

ಹೊಲಿಗೆ ಯಂತ್ರದ ಮುಂದೆ ಕುಳಿತರೂ ಅಮ್ಮನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಈಚೆಗೆ ಉಸಿರೆಳೆದಾಗಲೆಲ್ಲ ಗಂಟಲಲ್ಲಿ ಪೀಪಿ ಊದಿದಂಥ ಸದ್ದು. "ನಮ್ಮನೆಗೆ ಇನ್ನು ಕಾಲಿಂಗ್ ಬೆಲ್ ಬೇಡ ಕಣೇ, ನಾನು ಬರೋದು ಬೀದಿಗೆಲ್ಲ ಕೇಳುತ್ತೆ" ಎಂದು ತಾನೇ ನಗುತ್ತಿದ್ದಳು. ಮಗಳೂ ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದ ಮೇಲೆ ನಗು ನಿಂತಿತು. ಅಪ್ಪ ಹೋದಮೇಲೆ ಮನೆಗೆ ದೊಡ್ಡಪ್ಪನೇ ಹಿರಿಯರು. ಅವರು ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗಳೊಂದಿಗೆ ಒಳಗೆ ಹೋದರು.

"ಶ್ವಾಸನಾಳದಲ್ಲಿ ಕ್ಯಾನ್ಸರ್ ಗಡ್ಡೆ ಇದೆ," ಎಂದರು ಡಾಕ್ಟರಮ್ಮ. "ಸದ್ಯ ಚಿಕ್ಕದು. ಆ ತುಂಡು ಕತ್ತರಿಸಿ ತೆಗೆದು, ಎರಡೂ ತುದಿ ಸೇರಿಸಿ ಹೊಲಿದ್ರೆ ಉಳೀತಾರೆ. ತಡ ಮಾಡ್ಬೇಡಿ. ಅವರಿಗೂ ಎಲ್ಲ ಹೇಳ್ಬೇಕು."

"ನಾವೇ ನಿಧಾನವಾಗಿ ಹೇಳ್ತೀವಿ" ಎಂದ ದೊಡ್ಡಪ್ಪ ಹೊರಗೆ ಬಂದವರೇ ಮಗಳ ರಟ್ಟೆ ಹಿಡಿದು, ಅಮ್ಮನಿಗೆ ಕೇಳದಷ್ಟು ದೂರ ಎಳೆದೊಯ್ದರು. "ಬಾಯಿ ಬಿಟ್ಟೀಯ, ಜೋಕೆ! ಆ ಹೆಸರು ಕೇಳಿದ್ರೆ ಅವಳು ಎದೆಯೊಡ್ಕೊಂಡು ಸಾಯ್ತಾಳೆ. ರೋಗಿಗೆ ರೋಗದ ಹೆಸರು ಹೇಳೋ ಪದ್ಧತಿ ನಮ್ಮನೇಲಿಲ್ಲ. ನಿಮ್ಮಜ್ಜಿಗೂ ಹೇಳ್ಲಿಲ್ಲ."

"ಉಸಿರು ಅವಳದು ದೊಡ್ಡಪ್ಪ. ಅವಳಿಗೇ ಹೇಳ್ಬೇಡ ಅಂದ್ರೆ ಹೇಗೆ?"

"ದೊಡ್ಡೋರು ನಾವಿಲ್ವಾ?"

ಏನು ಹೇಳೋಣ ಆ ಮನೆಯ ಜಾಣತನಕ್ಕೆ! ಇದು ದಮ್ಮು, ಕುತ್ತಿಗೆಗೆ ಚಿಕ್ಕದೊಂದು ಆಪರೇಷನ್ ಸಾಕು ಎಂದು ಅಮ್ಮನಿಗೆ ಹೇಳಿದರು. ಅಮ್ಮ ಹುಬ್ಬು ಗಂಟಿಕ್ಕಿದಳು.

"ದಮ್ಮಿಗೆ ಯಾರಾದ್ರೂ ಕುತ್ತಿಗೆ ಕೊಯ್ಸ್ಕೋತಾರಾ? ಪಕ್ಕದ್ಮನೆ ಟೀಚರು ಬಾಯಿಗೆ ಪಂಪು ಇಟ್ಟು ಎಳ್ಕೊಂಡು ಆರಾಮಾಗಿಲ್ವಾ? ನನಗೂ ಅದನ್ನೇ ಕೊಡ್ಸಿ."

ನ್ಯಾಯವಾದ ಮಾತು. ನಿಜ ಹೇಳದೆ ಅದನ್ನು ತಳ್ಳಿಹಾಕುವಂತಿರಲಿಲ್ಲ; ದೊಡ್ಡಪ್ಪ ಪಂಪು ತಂದುಕೊಟ್ಟರು. ಐದು ತಿಂಗಳು ಅಮ್ಮ ಪಂಪು ಎಳೆದಳು. ಕೊನೆಕೊನೆಗೆ ಮಲಗಿದರೆ ಉಸಿರು ಸಿಗದೆ ಕುಳಿತೇ ನಿದ್ದೆ ಮಾಡುತ್ತಿದ್ದಳು. ಹೇಳಿಬಿಡಬೇಕೆಂದು ಮಗಳು ದಿನವೂ ಹತ್ತಿರ ಹೋಗುವಳು, ದೊಡ್ಡಪ್ಪನ ಮುಖ ಕಂಡು ನಾಲಿಗೆ ಕಚ್ಚಿಕೊಳ್ಳುವಳು.

ದೊಡ್ಡಪ್ಪ ಊರಲ್ಲಿಲ್ಲದ ಒಂದು ಮಧ್ಯಾಹ್ನ ಅಮ್ಮನ ತುಟಿ ನೀಲಿಗಟ್ಟಿತು. ಮಗಳು ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಅಮ್ಮನ ಎದೆ ಒಡೆಯಲಿಲ್ಲ. ಕಣ್ಣೊರೆಸಿಕೊಂಡು, ತಲೆ ಬಾಚಿಕೊಂಡು ಎದ್ದಳು.

"ಗಾಡಿ ಕರಿ. ಕೊಯ್ಯಲಿ."

ಹೊಸ ಸ್ಕ್ಯಾನು ನೋಡಿ ಡಾಕ್ಟರಮ್ಮ ತಲೆ ತಗ್ಗಿಸಿದರು. ಗಡ್ಡೆ ಮೇಲೂ ಕೆಳಗೂ ಹಬ್ಬಿತ್ತು. ಕತ್ತರಿಸಿದರೆ ಸೇರಿಸಲು ನಾಳವೇ ಉಳಿಯುತ್ತಿರಲಿಲ್ಲ.

"ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತಲ್ಲೇ," ಎಂದಳು ಅಮ್ಮ. ಆಮೇಲೆ ಮಗಳ ಕಣ್ಣೊರೆಸಿ, "ನನಗೆ ಗೊತ್ತಾಯ್ತು ಅಂತ ನಿಮ್ಮ ದೊಡ್ಡಪ್ಪನಿಗೆ ಹೇಳ್ಬೇಡ. ಅವರು ತಡ್ಕೊಳಲ್ಲ" ಎಂದಳು.

ತಿಂಗಳೊಳಗೆ ತೀರಿಕೊಂಡಳು. ಬಂದವರಿಗೆಲ್ಲ ದೊಡ್ಡಪ್ಪ ಬಿಕ್ಕುತ್ತಲೇ ಹೇಳುತ್ತಿದ್ದರು: "ಪುಣ್ಯವಂತೆ, ಏನೂ ಗೊತ್ತಾಗದೆ ನೆಮ್ಮದಿಯಾಗಿ ಹೋದ್ಲು."

"ಗೊತ್ತಾಗಿತ್ತು ದೊಡ್ಡಪ್ಪ," ಎಂದಳು ಮಗಳು, ಮನೆ ತುಂಬಿದ್ದ ಜನಕ್ಕೆಲ್ಲ ಕೇಳುವಂತೆ. "ಐದು ತಿಂಗಳು ಮುಂಚೆ ಗೊತ್ತಾಗಿದ್ರೆ ಬದುಕಿರೋಳು. ಬಾಯಿ ಮುಚ್ಕೊಂಡು ಅವಳನ್ನ ಕೊಂದೋರಲ್ಲಿ ನಾನೂ ಒಬ್ಬಳು."